ಒಡಹುಟ್ಟಿದವರು ಎದುರು ಕೂರುವಂತಿಲ್ಲ

ಚೆನ್ನೆಮಣೆಯ ಮುಂದೆ ನಾನು ಹೇಳುತ್ತಿದ್ದ ಮಾತು ಒಟ್ಟು ನಲವತ್ತು ಸೆಕೆಂಡಿನದ್ದು. 'ಇದು ಹಲಸಿನ ಮರದ ಮಣೆ. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಆಟಿ ತಿಂಗಳಿನಲ್ಲಿ, ಅಂದರೆ ನಾಟಿ ಮುಗಿದು ಮಳೆಗೆ ಮನೆಯೊಳಗೇ ಕೂರಬೇಕಾದ ದಿನಗಳಲ್ಲಿ, ತುಳುನಾಡಿನ ಹೆಂಗಸರು ಗುಳಿಗಳಿಗೆ ಕಾಯಿ ಹಾಕಿ ಆಡುತ್ತಿದ್ದರು. ದಯವಿಟ್ಟು ಗಾಜನ್ನು ಮುಟ್ಟಬೇಡಿ.' ಇಷ್ಟು ಹೇಳಿ ನಾನು ನಾಲ್ಕನೆಯ ಕೋಣೆಗೆ ಹೊರಟರೆ ಗುಂಪು ಹಿಂದೆಯೇ ಬರಬೇಕು. ಮಣಿಪಾಲ ದಾಟಿ ಕಾರ್ಕಳ ರಸ್ತೆಯಲ್ಲಿರುವ ನಮ್ಮ ಸಣ್ಣ ಮ್ಯೂಸಿಯಮ್ಮಿನಲ್ಲಿ ಐದು ಕೋಣೆಗಳು, ಅವುಗಳಿಗೆ ನಲವತ್ತೈದು ನಿಮಿಷ, ಗೈಡ್ ನಾನೊಬ್ಬನೇ. ಸಮಯದ ವಿಷಯದಲ್ಲಿ ನಾನು ಕೊಂಚ ಕಟ್ಟುನಿಟ್ಟಿನವನು. ಮನೆಯಲ್ಲಿ ಇದಕ್ಕೆ ಬೇರೆ ಹೆಸರಿದೆ.

ಆ ಮೇ ತಿಂಗಳಿನಲ್ಲಿ ಕಾಪುವಿನಿಂದ ಒಂದು ಭಜನಾ ಮಂಡಳಿಯ ಹೆಂಗಸರು ಬಂದರು. ಮೊದಲ ಎರಡು ಕೋಣೆಗಳನ್ನು ತಮ್ಮ ಮನೆಯದೇ ಹಳೆಯ ಸಾಮಾನು ನೋಡುವವರಂತೆ ಹತ್ತೇ ನಿಮಿಷಗಳಲ್ಲಿ ಮುಗಿಸಿ, ಮೂರನೆಯದರಲ್ಲಿ ಚೆನ್ನೆಮಣೆಯ ಮುಂದೆ ನಿಂತುಬಿಟ್ಟರು. ನನ್ನ ನಲವತ್ತು ಸೆಕೆಂಡು ಮುಗಿಯಿತು. ಯಾರೂ ಕದಲಲಿಲ್ಲ.

'ಆಟಿ ಬರುವ ಮೊದಲೇ ಇದನ್ನು ಯಾಕೆ ಹೊರಗೆ ಇಟ್ಟದ್ದು?' ಎಂದು ಒಬ್ಬರು ಕೇಳಿದರು. ಐವತ್ತೆಂಟರ ಆಸುಪಾಸಿನವರು, ಕಾಪು ಬಸ್‌ಸ್ಟಾಪಿನ ಹತ್ತಿರ ಪಾತ್ರೆ ಅಂಗಡಿ ನಡೆಸುವವರು.

'ಮ್ಯೂಸಿಯಮ್ಮಿನಲ್ಲಿ ವರ್ಷವಿಡೀ ಇಡುತ್ತೇವೆ.'

'ಆಟಿ ಮುಗಿದರೆ ಅಟ್ಟಕ್ಕೆ ಹಾಕುವುದು ಮಾರಾಯ್ರೆ. ಬೇರೆ ತಿಂಗಳು ಮುಟ್ಟುವ ಕ್ರಮ ಇಲ್ಲ. ನೀವು ಒಮ್ಮೆಯಾದರೂ ಆಡಿದ್ದುಂಟಾ?'

'ಇಲ್ಲ.'

'ಮತ್ತೆ ಎಂತ ನಮಗೆ ವಿವರಿಸುವುದು?'

ಅಲ್ಲಿಂದ ಮುಂದಿನ ಇಪ್ಪತ್ತೈದು ನಿಮಿಷ ಅವರೇ ನನಗೆ ವಿವರಿಸಿದರು. ಹಿಂದೆ ನಿಂತಿದ್ದ ನಿಟ್ಟೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಗುಂಪು ನನ್ನ ಮಾತಿಗೆ ಮೊಬೈಲ್ ನೋಡುತ್ತಿತ್ತು, ಈ ಅಂಗಡಿಯಮ್ಮನ ಮಾತಿಗೆ ಮೊಬೈಲ್ ಎತ್ತಿ ವಿಡಿಯೋ ಮಾಡಿತು. ನನಗೆ ಹೊಟ್ಟೆಕಿಚ್ಚಾಯಿತು. ಅದರ ಜೊತೆಗೆ ಒಂದು ಆಲೋಚನೆಯೂ ಬಂತು.

ಭಾನುವಾರದ ಸಾರ್ವಜನಿಕ ಕಾರ್ಯಕ್ರಮಗಳೂ ನನ್ನ ಪಾಲಿನವೇ ಆಗಿದ್ದವು. ಅವುಗಳ ಸ್ಥಿತಿ ಹೇಳಿಕೊಳ್ಳುವಂತಿರಲಿಲ್ಲ. ತಾಮ್ರಶಾಸನಗಳ ಮೇಲಿನ ಉಪನ್ಯಾಸಕ್ಕೆ ಬಂದ ಒಂಬತ್ತು ಜನರಲ್ಲಿ ಆರು ಮಂದಿ ಉಪನ್ಯಾಸಕರ ಮನೆಯವರು, ಒಬ್ಬ ಅವರ ಕಾರಿನ ಚಾಲಕ, ಒಬ್ಬ ಮೈಕಿನವ. ಒಂಬತ್ತನೆಯವರು ಶೌಚಾಲಯ ಎಲ್ಲಿ ಎಂದು ಕೇಳಿಕೊಂಡು ಒಳಗೆ ಬಂದವರು. ಟ್ರಸ್ಟಿನ ಅಧ್ಯಕ್ಷರು ಅಂದೇ, 'ಇನ್ನೊಂದು ಹೀಗೆ ಆದರೆ ಭಾನುವಾರ ಸಭೆಯ ಹಾಲನ್ನು ಸೀರೆ ಪ್ರದರ್ಶನಕ್ಕೆ ಕೊಡುವ' ಎಂದಿದ್ದರು. ಕರಾವಳಿಯಲ್ಲಿ 'ಕೊಡುವ' ಎಂದರೆ ಕೊಡೋಣ ಎಂದರ್ಥ. ಅಧ್ಯಕ್ಷರ ಬಾಯಲ್ಲಿ, ಆಗಲೇ ಕೊಟ್ಟಾಯಿತು ಎಂದರ್ಥ. ಹಾಗಾಗಿ ಆಟಿಯಲ್ಲಿ ಹೆಂಗಸರ ಚೆನ್ನೆಮಣೆ ಸ್ಪರ್ಧೆ ಮಾಡುವ ಎಂದು ನಾನು ಬರೆದುಕೊಟ್ಟೆ. ಅಧ್ಯಕ್ಷರು ಒಂದೇ ಷರತ್ತು ಹಾಕಿದರು. ಫೈನಲಿನಲ್ಲಿ ಇಬ್ಬರು ಎದುರುಬದುರು ಕೂತು ಆಡುವ ಫೋಟೋ ಪತ್ರಿಕೆಗೆ ಹೋಗಬೇಕು.

ಕ್ಯುರೇಟರ್ ಮೇಡಂ ಹಾಕಿದ ಷರತ್ತುಗಳು ಒಂದೂವರೆ ಪುಟ ಇದ್ದವು. ಸಾರಾಂಶ ಇಷ್ಟೆ: ಸಂಗ್ರಹದ ಮಣೆ ಗಾಜಿನಿಂದ ಹೊರಗೆ ಬರುವಂತಿಲ್ಲ. ಅದರ ಅಳತೆ ತೆಗೆದು ಹಿರಿಯಡ್ಕದ ಬಡಗಿಯೊಬ್ಬರಿಗೆ ಎಂಟು ಮಣೆ ಮಾಡಲು ಕೊಟ್ಟೆ. ಮೊದಲ ಮಣೆ ಬಂದಾಗ ಎಣಿಸಿದರೆ ಹನ್ನೆರಡೇ ಗುಳಿ.

'ಮರ ಗಿಡ್ಡ ಆಯಿತು ಸಾರ್,' ಎಂದರು ಬಡಗಿ. 'ಆಚೆ ಒಂದು, ಈಚೆ ಒಂದು ಕಮ್ಮಿ ಉಂಟು. ಇಬ್ಬರಿಗೂ ಸಮ ಅಲ್ವಾ, ಜಗಳ ಎಂತಕ್ಕೆ?'

ಆ ಮಣೆ ಈಗಲೂ ನನ್ನ ಮೇಜಿನ ಮೇಲೆ ಪೆನ್ನು, ಗುಂಡುಸೂಜಿ ಇಡಲು ಉಪಯೋಗದಲ್ಲಿದೆ. ಇನ್ನು ಕಾಯಿ. ಗುಳಿಗೆ ನಾಲ್ಕರಂತೆ ಮಣೆಗೆ ಐವತ್ತಾರು ಬೇಕು. ಮಂಜೊಟ್ಟಿ ಮರದ ಕೆಂಪು ಬೀಜಗಳನ್ನು ಹುಡುಕಿಕೊಂಡು ಕಾರ್ಕಳದ ಬಸದಿಗಳ ಆಸುಪಾಸಿನಲ್ಲೆಲ್ಲ ತಲೆ ತಗ್ಗಿಸಿ ನಡೆದೆ. ಏನಾದರೂ ಕಳೆದುಕೊಂಡಿರಾ ಎಂದು ಮೂವರು ಕೇಳಿದರು, ಒಬ್ಬರು ನನ್ನ ಜೊತೆ ಕಾಲು ಗಂಟೆ ಹುಡುಕಿದರು ಕೂಡ.

ನಿಯಮಗಳನ್ನು ಬರೆಯಲು ಕೂತಾಗ ನನಗೆ ನಿಜವಾದ ಹುಮ್ಮಸ್ಸು ಬಂತು. ಹದಿನಾಲ್ಕು ಗುಳಿಗೆ ಹದಿನಾಲ್ಕು ನಿಯಮ. ಫ್ಲೆಕ್ಸ್ ಮಾಡಿಸಿದೆ. ಆರಂಭದ ಸುತ್ತುಗಳನ್ನು ಮೂರು ಕಡೆ ಇಟ್ಟೆವು: ಒಂದು ಭಾನುವಾರ ಕಾರ್ಕಳ, ಮುಂದಿನ ಭಾನುವಾರ ಕಾಪು, ಅದರ ಮುಂದಿನದು ಉಡುಪಿ-ಮಣಿಪಾಲದವರಿಗೆ ನಮ್ಮ ಹಾಲಿನಲ್ಲೇ. ಪ್ರವೇಶ ಅರ್ಜಿಯಲ್ಲಿ ಹೆಸರು, ಗಂಡನ ಮನೆ, ಊರು, ಫೋನ್ ನಂಬರ್ ಎಂಬ ನಾಲ್ಕು ಕಾಲಮ್ಮುಗಳಿದ್ದವು. ತವರುಮನೆಯ ಕಾಲಮ್ಮು ಇರಲಿಲ್ಲ. ಮದುವೆಯಾದ ಹೆಂಗಸನ್ನು ತವರುಮನೆಯಿಂದಲೇ ಗುರುತಿಸುವ ಊರಿನಲ್ಲಿ ಹುಟ್ಟಿ ಬೆಳೆದವನು ಹೀಗೊಂದು ಅರ್ಜಿ ಮಾಡಿದೆನಲ್ಲ ಎಂದು ಆಮೇಲೆ ತಲೆ ಚಚ್ಚಿಕೊಂಡೆ.

ಕಾರ್ಕಳದಲ್ಲಿ ಫ್ಲೆಕ್ಸ್ ಕಟ್ಟಿ ಹತ್ತು ನಿಮಿಷ ಆಗಿರಲಿಲ್ಲ, ನಿವೃತ್ತ ಶಿಕ್ಷಕಿಯೊಬ್ಬರು ಬ್ಯಾಗಿನಿಂದ ಕೆಂಪು ಪೆನ್ನು ತೆಗೆದರು. ಮೊದಲು ನನ್ನ ಎರಡು ಒತ್ತಕ್ಷರಗಳನ್ನು ತಿದ್ದಿದರು. ಆಮೇಲೆ ಐದನೆಯ ನಿಯಮವನ್ನು ಹೊಡೆದುಹಾಕಿದರು.

'ಗುಳಿಯಲ್ಲಿ ನಾಲ್ಕು ಸೇರಿದರೆ ಆ ಕ್ಷಣವೇ ತೆಗೆಯಬೇಕು,' ಎಂದರು. 'ಕೈಯಲ್ಲಿದ್ದದ್ದು ಮುಗಿಯುವ ತನಕ ಕಾಯುವುದು ಯಾವ ಊರಿನ ಆಟ?'

'ಪುಸ್ತಕದಲ್ಲಿ ಹಾಗೆ ಉಂಟು ಟೀಚರ್.'

'ಬರೆದವರು ಗಂಡಸರಾ?'

ಗಂಡಸರೇ. ನಾನು ಒಪ್ಪಿಕೊಂಡೆ. ಆದರೆ ಟೀಚರ್ ಎದುರು ಕೂತ ಬೈಲೂರಿನ ಹೆಂಗಸು ಒಪ್ಪಲಿಲ್ಲ, ಅವರ ಮನೆಯಲ್ಲಿ ಬೇರೆಯೇ ಕ್ರಮ. ಮೊದಲ ಪಂದ್ಯದ ಮೊದಲ ಕಾಯಿ ಬೀಳಲು ಒಂದು ಗಂಟೆ ಹತ್ತು ನಿಮಿಷ ಬೇಕಾಯಿತು. ನಾನು ಗಡಿಯಾರ ನೋಡುತ್ತ ಬೆವರುತ್ತಿದ್ದೆ. ವಿಚಿತ್ರವೆಂದರೆ ಒಬ್ಬರೂ ಎದ್ದು ಹೋಗಲಿಲ್ಲ, ಜಗಳ ಕೇಳಿ ಪಕ್ಕದ ಮನೆಗಳಿಂದ ಇನ್ನಷ್ಟು ಜನ ಬಂದರು. ತಾಮ್ರಶಾಸನ ಇಂಥ ಸಭೆಯನ್ನು ಕಂಡಿರಲಿಲ್ಲ.

ಮುಂದಿನ ವಾರ ಕಾಪುವಿನಲ್ಲಿ ಇದೇ ಪುನರಾವರ್ತನೆ. ನಿಯಮದ ಜಗಳದಲ್ಲಿ ಪಾತ್ರೆ ಅಂಗಡಿಯಮ್ಮ ಒಂದು ಕಡೆ, ಅವರ ನೆರೆಯ ಎಪ್ಪತ್ತು ದಾಟಿದ ಬ್ಯಾರಿ ಮುಸ್ಲಿಂ ಅಜ್ಜಿ ಇನ್ನೊಂದು ಕಡೆ. ಅಜ್ಜಿಗೆ ಮಗ ಸೌದಿಯ ದಮ್ಮಾಮಿನಿಂದ ಫೋನಿನಲ್ಲಿ ಸಲಹೆ ಕೊಡುತ್ತಿದ್ದ, ಅಜ್ಜಿ 'ನಿನಗೆ ಎಂತ ಗೊತ್ತು' ಎಂದು ಫೋನ್ ಇಟ್ಟರು. ಅಂದು ಸಂಜೆ ನಾನು ಫ್ಲೆಕ್ಸ್ ಬಿಚ್ಚಿ ಮಡಿಚಿದೆ. ಪ್ರತಿ ಜೋಡಿ ತಮ್ಮೊಳಗೆ ಕ್ರಮ ಒಪ್ಪಿಕೊಂಡು ಆಡಲಿ, ಯಾವ ಊರಿನವರೂ ಆಕ್ಷೇಪಿಸದ ಮೂರು ನಿಯಮಗಳು ಮಾತ್ರ ಉಳಿಯಲಿ ಎಂದು ತೀರ್ಮಾನಿಸಿದೆ. ಆಟಿಯಲ್ಲಿ ಮಾತ್ರ ಆಡುವುದು. ದೀಪ ಹಚ್ಚಿದ ಮೇಲೆ ಆಡದಿರುವುದು. ಒಡಹುಟ್ಟಿದವರು ಎದುರುಬದುರು ಕೂರದಿರುವುದು.

ಈ ಕೊನೆಯದರ ಹಿಂದೆ ಒಂದು ಕಥೆ ಇದೆ. ಅಕ್ಕ ತಂಗಿ ಚೆನ್ನೆ ಆಡುತ್ತ ಜಗಳವಾಗಿ, ಮಣೆಯಿಂದ ಪೆಟ್ಟು ಬಿದ್ದು ಒಬ್ಬಳ ಜೀವವೇ ಹೋಯಿತೆಂಬ ಹಳೆಯ ಕಥೆ ಇಲ್ಲಿಯ ಎಲ್ಲ ಮನೆಗಳಿಗೂ ಗೊತ್ತು. ಹಾಗಾಗಿ ಅಕ್ಕತಂಗಿಯರನ್ನು ಯಾರೂ ಈ ಮಣೆಯ ಎರಡು ಬದಿಗೆ ಕೂರಿಸುವುದಿಲ್ಲ. ಹದಿನಾಲ್ಕು ನಿಯಮ ಕಳೆದುಕೊಂಡ ದುಃಖಕ್ಕೆ ನಾನು ಈ ಒಂದನ್ನು ಬಲವಾಗಿ ಹಿಡಿದುಕೊಂಡೆ. ಪ್ರತಿ ಪಂದ್ಯದ ಮೊದಲು ನಾನು ಎದ್ದು ನಿಂತು, 'ನೀವಿಬ್ಬರು ಒಡಹುಟ್ಟಿದವರಾ?' ಎಂದು ಕೇಳಬೇಕು, ಇಬ್ಬರೂ ಕೇಳುವಂತೆ 'ಅಲ್ಲ' ಎನ್ನಬೇಕು. ಉಡುಪಿಯ ಸುತ್ತಿನಲ್ಲಿ ಒಬ್ಬ ಅತ್ತೆ ಮತ್ತು ಅವರ ಸೊಸೆ ಎದುರಾದರು. ನಾನು ಪ್ರಶ್ನೆ ಕೇಳಿದೆ. 'ಅಲ್ಲ,' ಎಂದರು ಅತ್ತೆ. 'ಆಗಿದ್ದರೆ ಇವಳು ನನ್ನ ಮಾತು ಕೇಳ್ತಿದ್ದಳು.' ಸೊಸೆ 'ಅಲ್ಲ' ಎಂದಷ್ಟೇ ಹೇಳಿ ಅತ್ತೆಯನ್ನು ಹದಿನೈದು ನಿಮಿಷಗಳಲ್ಲಿ ಸೋಲಿಸಿದಳು.

ಆಟಿಯ ಕೊನೆಯ ಭಾನುವಾರ ಸೆಮಿಫೈನಲ್, ಫೈನಲ್ ಎರಡೂ ನಮ್ಮ ಹಾಲಿನಲ್ಲಿ. ಬಂದ ಜನಕ್ಕೆ ಕುರ್ಚಿ ಸಾಲದೆ ಪಕ್ಕದ ಶಾಲೆಯಿಂದ ಬೆಂಚು ತರಿಸಿದೆವು. ಕಾರ್ಕಳದ ಟೀಚರ್ ಮಣಿಪಾಲದ ಬ್ಯಾಂಕಿನವರೊಬ್ಬರನ್ನು ಸೋಲಿಸಿದರು. ಕಾಪುವಿನ ಅಂಗಡಿಯಮ್ಮ ತಮ್ಮ ನೆರೆಯ ಬ್ಯಾರಿ ಅಜ್ಜಿಯನ್ನು ಸೋಲಿಸಿದರು. ಕ್ಯುರೇಟರ್ ಮೇಡಂಗೆ ಕೊಡಬೇಕಾದ ವರದಿಗಾಗಿ ನಾನು ಆಟದ ವಿಧಾನವನ್ನೂ ಬರೆದುಕೊಳ್ಳುತ್ತಿದ್ದೆ. 'ಕಾರ್ಕಳ ಶೈಲಿ: ಕಾಯಿಗಳನ್ನು ಅಂಗೈಯಲ್ಲಿ ಒಮ್ಮೆ ಕುಲುಕಿ, ಮಣೆ ನೋಡದೆ, ಸೂರಿನ ಕಡೆ ಮುಖ ಮಾಡಿ, ಹೆಬ್ಬೆರಳಿನಿಂದ ಒಂದೊಂದಾಗಿ ಬಿಡುವುದು.' ಅದರ ಕೆಳಗೆ, 'ಕಾಪು ಶೈಲಿ: ಕಾಯಿಗಳನ್ನು ಅಂಗೈಯಲ್ಲಿ ಒಮ್ಮೆ ಕುಲುಕಿ, ಮಣೆ ನೋಡದೆ, ಸೂರಿನ ಕಡೆ ಮುಖ ಮಾಡಿ, ಹೆಬ್ಬೆರಳಿನಿಂದ ಒಂದೊಂದಾಗಿ ಬಿಡುವುದು.' ಎರಡನ್ನೂ ನನ್ನದೇ ಕೈಯಲ್ಲಿ ಬರೆದು, ಎರಡು ಬೇರೆ ಬೇರೆ ಶೈಲಿಗಳೆಂದು ಅಡಿಗೆರೆ ಎಳೆದಿದ್ದೆ. ಮೇಡಂ ಆ ಪುಟವನ್ನು ಇಂದಿಗೂ ಸಿಬ್ಬಂದಿಗೆ ಓದಿ ಹೇಳುತ್ತಾರೆ.

ಮಧ್ಯಾಹ್ನ ಪತ್ರೊಡೆಯ ಊಟ. ಇಬ್ಬರು ಫೈನಲಿಗರೂ ಹಾಲಿನ ಎರಡು ಕೊನೆಗಳಲ್ಲಿ, ಒಬ್ಬರಿಗೊಬ್ಬರು ಬೆನ್ನು ಹಾಕಿ ಊಟ ಮಾಡಿದರು. ಪೈಪೋಟಿ ಅಂದರೆ ಹೀಗಿರಬೇಕು ಎಂದು ನಾನು ಮೆಚ್ಚಿಕೊಂಡೆ.

ಮೂರು ಗಂಟೆಗೆ ಅಧ್ಯಕ್ಷರು, ಮುಖ್ಯ ಅತಿಥಿ, ಫೋಟೋಗ್ರಾಫರ್ ಎಲ್ಲ ಮಣೆಯ ಸುತ್ತ ನಿಂತರು. ಟೀಚರ್ ಒಂದು ಬದಿ, ಅಂಗಡಿಯಮ್ಮ ಇನ್ನೊಂದು ಬದಿ ಚಾಪೆಯ ಮೇಲೆ ಕೂತರು. ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ. 'ನೀವಿಬ್ಬರು ಒಡಹುಟ್ಟಿದವರಾ?'

ಟೀಚರ್ ಸೆರಗು ಸರಿಮಾಡಿಕೊಂಡರು. ಅಂಗಡಿಯಮ್ಮ ಚಾಪೆಯ ಎಳೆ ಕೀಳತೊಡಗಿದರು. ಮೊದಲ ಸಾಲಿನಿಂದ ಬ್ಯಾರಿ ಅಜ್ಜಿಯ ಸ್ವರ ಬಂತು.

'ಎಂತ ಸಾರ್ ಕೇಳುವುದು? ಒಂದೇ ತಾಯಿಯ ಮಕ್ಕಳಲ್ವಾ ಅವರು? ಆ ಟೀಚರ್ ಮೊದಲು ವಾರಕ್ಕೊಮ್ಮೆ ತಂಗಿಯ ಮನೆಗೆ ಬರ್ತಿದ್ದರು. ಈಗ ಎಂಟು ವರ್ಷ ಆಯಿತು, ಮಾತಿಲ್ಲ.'

ಇಡೀ ಹಾಲು ಒಮ್ಮೆಲೇ ಮಾತಾಡಿತು. ಆಡಬಾರದು, ಎದ್ದೇಳಿ ಎಂದು ಹಿರಿಯ ಹೆಂಗಸರೆಲ್ಲ ಕೂಗಿದರು. ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಾಗಿ, 'ಅದೆಲ್ಲ ಮೂಢನಂಬಿಕೆ, ನೀವು ಆಡಿಸಿ, ಫೋಟೋ ಆಗಲಿ,' ಎಂದರು. ಅವರ ಸ್ವರದಲ್ಲಿ ನನಗೆ ಸೀರೆಗಳು ಕೇಳಿಸಿದವು.

ಟೀಚರ್ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಮೂವತ್ತೈದು ವರ್ಷ ತರಗತಿಗಳನ್ನು ಸುಮ್ಮನಾಗಿಸಿದ ಕೈ ಅದು.

'ಎಂಟು ವರ್ಷದಿಂದ ಮಾತಿಲ್ಲ ಎಂದ ಮೇಲೆ ಸಂಬಂಧವೂ ಇಲ್ಲ ಎಂದೇ ಅರ್ಥ. ನಿಯಮ ನಮಗೆ ಅನ್ವಯಿಸುವುದಿಲ್ಲ. ಕಾಯಿ ಕೊಡಿ.'

'ಅವರಿಗೆ ಹಾಗಾದರೆ ನನಗೂ ಹಾಗೇ,' ಎಂದರು ಅಂಗಡಿಯಮ್ಮ, ನನ್ನನ್ನು ನೋಡಿ. 'ಕೊಡಿ ಸಾರ್.'

ನಾನು ಕಾಯಿಯ ಚೀಲ ಮಣೆಯ ಪಕ್ಕ ಇಟ್ಟೆ. ಟೀಚರ್ ತಮ್ಮ ಏಳು ಗುಳಿಗಳಿಗೆ ನಾಲ್ಕು ನಾಲ್ಕು ಹಾಕಿದರು. ಹಾಕಿ ಮುಗಿದ ಮೇಲೆ ಕೈ ನಿಲ್ಲಲಿಲ್ಲ. ಆಚೆ ಬದಿಯ ಗುಳಿಗಳಿಗೂ ಹಾಕತೊಡಗಿದರು. ಅಂಗಡಿಯಮ್ಮ ಕೈ ಮಡಿಲಲ್ಲಿಟ್ಟುಕೊಂಡು, ತನಗೆ ಹಾಕಿಕೊಡುವುದು ಅಕ್ಕನ ಕೆಲಸವೇ ಎಂಬಂತೆ ಕಾದು ಕೂತಿದ್ದರು. ಮೂರನೆಯ ಗುಳಿಗೆ ಬಂದಾಗ ಟೀಚರಿಗೆ ಎಚ್ಚರವಾಗಿ ಕೈ ಹಿಂದಕ್ಕೆ ಎಳೆದುಕೊಂಡರು. ಇದನ್ನು ನಾನೊಬ್ಬನೇ ನೋಡಿದೆನೋ, ಎಲ್ಲರೂ ನೋಡಿದರೋ ತಿಳಿಯದು. ಇವರು ಆಡಿದರೆ, ಅಕ್ಕತಂಗಿಯರಲ್ಲ ಎಂದು ಇಷ್ಟು ಜನರೆದುರು ಸಾರಿದ ಹಾಗಾಗುತ್ತದೆ. ಹಾಗೆ ಸಾರಲು ನಾನೇ ವೇದಿಕೆ ಹಾಕಿ, ಬೆಂಚು ತರಿಸಿ, ಪತ್ರೊಡೆ ಬಡಿಸಿದ್ದೆ.

'ಒಂದು ನಿಮಿಷ,' ಎಂದೆ. 'ಉತ್ತರ ನಿಯಮದ ಪ್ರಕಾರ ಬಂದಿಲ್ಲ. ಮಾತಿಲ್ಲ, ಅನ್ವಯಿಸುವುದಿಲ್ಲ ಎಂದೆಲ್ಲ ನಡೆಯುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡಿ ಹೇಳಬೇಕು. ಟೀಚರ್, ಇವರು ನಿಮ್ಮ ತಂಗಿ ಅಲ್ಲ ಎಂದು ಹೇಳಿ. ಆಮೇಲೆ ಆಟ.'

ಮುಖ ನೋಡಿ ಹೇಳಬೇಕೆಂಬ ನಿಯಮ ಎಲ್ಲಿಯೂ ಇರಲಿಲ್ಲ. ಹದಿನಾಲ್ಕು ನಿಯಮಗಳ ಫ್ಲೆಕ್ಸಿನಲ್ಲೂ ಇರಲಿಲ್ಲ. ಅಧ್ಯಕ್ಷರು ನನ್ನನ್ನು ನೋಡಿದ ರೀತಿಗೆ, ನಾಳೆಯಿಂದ ಕೆಲಸ ಇದೆಯೋ ಇಲ್ಲವೋ ಎಂದು ಭಯವೇ ಆಯಿತು.

ಟೀಚರ್ ತಂಗಿಯ ಮುಖ ನೋಡಿದರು. ಬಾಯಿ ತೆರೆದರು. ಬಂದದ್ದು ಬೇರೆಯೇ ಮಾತು.

'ಎಂಟು ವರ್ಷದ ಹಿಂದೆ ಮಗಳ ಮದುವೆಯ ಕಾಗದವನ್ನು ಇಡೀ ಕಾರ್ಕಳಕ್ಕೆ ಮನೆಮನೆಗೆ ಹೋಗಿ ಕೊಟ್ಟಿದ್ದಳು. ನನಗೆ ಮಾತ್ರ ವಾಟ್ಸಾಪಿನಲ್ಲಿ. ಸ್ವಂತ ಅಕ್ಕನಿಗೆ! ವಾಟ್ಸಾಪಿನಲ್ಲಿ!'

ಹಾಲಿನಲ್ಲಿ 'ಛೆ' ಎಂಬ ಉದ್ಗಾರ ಎದ್ದಿತು. ಮನೆಗೆ ಬಂದು, ಕೂತು, ನೀರು ಕುಡಿದು ಕಾಗದ ಕೊಡದಿದ್ದರೆ ಅದು ಕರೆದ ಲೆಕ್ಕವೇ ಅಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

'ಬಂದಿದ್ದೆ ಸಾರ್!' ಅಂಗಡಿಯಮ್ಮ ನನ್ನ ಮೇಲೆಯೇ ರೇಗಿದರು. 'ಎರಡು ಸಲ ಬಂದಿದ್ದೆ. ಬಾಗಿಲಿಗೆ ಬೀಗ. ಇವರು ಪರೀಕ್ಷೆಯ ಪೇಪರ್ ತಿದ್ದಲಿಕ್ಕೆ ಹೋಗಿದ್ದರಂತೆ. ಬಾಗಿಲಿನ ಅಡಿಯಿಂದ ಕಾಗದ ಹಾಕಿ, ಇರಲಿ ಎಂದು ವಾಟ್ಸಾಪೂ ಮಾಡಿದೆ. ತಪ್ಪಾ?'

'ಬಾಗಿಲಿನ ಅಡಿಯಿಂದ ಹಾಕಲಿಕ್ಕೆ ಅದು ಕರೆಂಟ್ ಬಿಲ್ಲಾ?'

'ಮೂರನೆಯ ಸಲವೂ ಬರ್ತಿದ್ದೆ. ಅಷ್ಟರಲ್ಲಿ ನೀನು ಫೋನ್ ತೆಗೆಯುವುದನ್ನೇ ಬಿಟ್ಟೆ!'

'ನೀನು' ಎಂಬ ಮಾತು ಕೇಳಿ ಹಿಂದಿನ ಬೆಂಚಿನವರು ಎದ್ದು ನಿಂತರು. ಎಂಟು ವರ್ಷಗಳಲ್ಲಿ ತಂಗಿ ಅಕ್ಕನಿಗೆ ನೇರವಾಗಿ ಆಡಿದ ಮೊದಲ ಮಾತದು, ಅದೂ ಬೈಗುಳ. ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಳಿಸಿದ.

ಟೀಚರ್ ಕೈಯಲ್ಲಿ ಉಳಿದಿದ್ದ ಕೆಂಪು ಕಾಯಿಗಳನ್ನು ಚೀಲಕ್ಕೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, ಹಾಜರಿ ಕರೆಯುವ ಸ್ಪಷ್ಟತೆಯಲ್ಲಿ, 'ಬರೆದುಕೊಳ್ಳಿ,' ಎಂದರು. 'ಇವಳು ನನ್ನ ತಂಗಿ. ನನ್ನಿಂದ ನಾಲ್ಕು ವರ್ಷಕ್ಕೆ ಚಿಕ್ಕವಳು. ನಾನು ಆಡುವುದಿಲ್ಲ.'

ಅಂಗಡಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, 'ಅವಳು ಆಡದಿದ್ದರೆ ನಾನು ಗೆದ್ದೆ ಎಂದಾಯಿತಲ್ಲ?' ಎಂದರು.

'ನೀನು ಎಂತ ಗೆದ್ದದ್ದು? ನಾನು ಬಿಟ್ಟುಕೊಟ್ಟದ್ದು!'

'ಬಿಟ್ಟುಕೊಟ್ಟರೆ ಸೋತ ಹಾಗೆ!'

ಇಲ್ಲಿಂದ ಮುಂದೆ ಇಬ್ಬರೂ ತುಳುವಿಗೆ ಇಳಿದರು. ಸಾರ್ವಜನಿಕ ಕನ್ನಡ ಮುಗಿದು ಮನೆಯ ಜಗಳ ಶುರುವಾದ ಮೇಲೆ ಅಂಪೈರಿಗೆ ಅಲ್ಲಿ ಕೆಲಸ ಇರಲಿಲ್ಲ. ನಾನು ಮಡಿಚಿಟ್ಟ ಫ್ಲೆಕ್ಸ್ ತಂದು ನೋಡಿದೆ. ಹದಿಮೂರನೆಯ ನಿಯಮದ ಪ್ರಕಾರ ಫೈನಲ್ ನಡೆಯದಿದ್ದರೆ ಸೆಮಿಫೈನಲಿನಲ್ಲಿ ಸೋತವರಲ್ಲಿ ಹಾಜರಿದ್ದವರಿಗೆ ಪ್ರಶಸ್ತಿ. ಬ್ಯಾಂಕಿನವರು ಊಟ ಮಾಡಿ ಹೋಗಿಯಾಗಿತ್ತು. ಬ್ಯಾರಿ ಅಜ್ಜಿ ಹಾಜರಿದ್ದರು. ನಿಧಾನಕ್ಕೆ ಎದ್ದು ಬಂದು, ಅಧ್ಯಕ್ಷರ ಕೈಯಿಂದ ಪ್ರಶಸ್ತಿಯ ಕಂಚಿನ ದೀಪ ತೆಗೆದುಕೊಂಡು, ಫೋಟೋಗೆಂದು ಅವರ ಎದುರು ಮಣೆಗೆ ಕೂತು, 'ಸತ್ಯ ಹೇಳಿದ್ದಕ್ಕೆ ಹೀಗೆ ಕೊಡ್ತೀರಿ ಎಂದು ಗೊತ್ತಿದ್ದರೆ ಬೆಳಿಗ್ಗೆಯೇ ಹೇಳ್ತಿದ್ದೆ,' ಎಂದರು. ಮರುದಿನ ಪತ್ರಿಕೆಯಲ್ಲಿ ಬಂದದ್ದು ಅವರು ಮತ್ತು ಅಧ್ಯಕ್ಷರು ಎದುರುಬದುರು ಕೂತ ಫೋಟೋ. ಅಧ್ಯಕ್ಷರಿಗೆ ಅದು ಬಹಳ ಹಿಡಿಸಿತು. ಭಾನುವಾರಗಳು ನನಗೇ ಉಳಿದವು.

ಕಾಯಿಗಳನ್ನು ಎಣಿಸಿ ಚೀಲಕ್ಕೆ ತುಂಬಿ ನಾನು ಹೊರಗೆ ಬಂದಾಗ ಐದು ಗಂಟೆ. ಮಳೆ ಹನಿಯುತ್ತಿತ್ತು. ಅಕ್ಕತಂಗಿಯರು ರಸ್ತೆಯಲ್ಲಿ ಒಂದೇ ಕೊಡೆಯಡಿ ನಿಂತು, ಇನ್ನೂ ಜಗಳವಾಡುತ್ತಿದ್ದರು. ನಿಂತದ್ದು ಉಡುಪಿ ಕಡೆಗೆ ಹೋಗುವ ಬಸ್ಸು ನಿಲ್ಲುವ ಬದಿಯಲ್ಲಿ. ಕಾಪುವಿಗೆ ಹೋಗುವವರು ಅಲ್ಲಿ ಹತ್ತಬೇಕು.

'ಟೀಚರ್, ಕಾರ್ಕಳದ ಬಸ್ಸು ಎದುರಿನ ಬದಿಯಲ್ಲಿ,' ಎಂದು ಕೂಗಿ ಹೇಳಿದೆ. ಗೈಡ್ ಅಲ್ಲವೇ, ದಾರಿ ತೋರಿಸುವುದು ಅಭ್ಯಾಸ.

'ನನಗೆ ಗೊತ್ತುಂಟು,' ಎಂದರು ಟೀಚರ್. 'ಇವಳ ಮಗಳ ಮದುವೆಗೆ ಹೊರಟದ್ದು.'